ಗುರುತು ಹಿಡಿಯುವ ಮೀನು: ಘಟ್ಟದ ಮೇಲೊಂದು ಲೆಕ್ಕ, ಕೆಳಗೊಂದು ಲೆಕ್ಕ

ನಾವು ಕೋಣೆಗೆ ಕಾಲಿಟ್ಟ ಕೂಡಲೇ ಗಾಜಿನ ಹತ್ತಿರ ಬರಬೇಕು, ಕೈಯಿಂದ ಕಾಳು ತಿನ್ನಬೇಕು, ಮನೆಯವರು ಯಾರು ನೆಂಟರು ಯಾರು ಎಂಬುದು ಅದಕ್ಕೆ ತಿಳಿಯಬೇಕು. ಅಂಥ ಮೀನು ಬೇಕೆಂದರೆ ಆಯ್ಕೆ ಐದಾರಕ್ಕೇ ನಿಲ್ಲುತ್ತದೆ: ಆಸ್ಕರ್, ಫ್ಲವರ್‌ಹಾರ್ನ್, ಸೆವೆರಮ್, ಗೋಲ್ಡ್‌ಫಿಶ್, ಫೈಟರ್, ಮತ್ತು ಪಶ್ಚಿಮಘಟ್ಟದ್ದೇ ಆದ ಬಟಾಣಿ ಗಾತ್ರದ ಪಫರ್. ಅಂಗಡಿಗೆ ಹೋದವರು "ಇದರಲ್ಲಿ ಚುರುಕು ಯಾವುದು" ಎಂದು ಕೇಳುತ್ತಾರೆ. ಉತ್ತರ ಕನ್ನಡದಲ್ಲಿ ಅದಕ್ಕೂ ಮೊದಲು ಕೇಳಬೇಕಾದ್ದು, ಮನೆ ಘಟ್ಟದ ಮೇಲೋ ಕೆಳಗೋ ಎಂದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಾವಿನೀರು ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲದ್ದು. ಬಹಳ ಮೆದು, ಸ್ವಲ್ಪ ಹುಳಿ. ಹುಳಿ-ಕ್ಷಾರದ ಅಳತೆಯಾದ ಪಿಎಚ್ 6ರ ಆಸುಪಾಸು, ಹುಳಿಯನ್ನು ತಡೆದುಕೊಳ್ಳುವ ಕ್ಷಾರಗುಣ, ಅಂದರೆ ನೀರು ಪರೀಕ್ಷೆಯ ಕಿಟ್‌ನಲ್ಲಿ ಕೆಎಚ್ ಎಂದು ಬರೆದಿರುವುದು, 1 ಅಥವಾ 2 ಡಿಗ್ರಿ ಅಷ್ಟೆ. ಕುಡಿಯಲು ಅಮೃತ. ಆದರೆ ದೊಡ್ಡ ಮೀನಿನ ಟ್ಯಾಂಕಿನಲ್ಲಿ ಕಷ್ಟ ಶುರುವಾಗುವುದೇ ಇಲ್ಲಿಂದ. ಮೀನು ಬಿಡುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಕ್ಷಾರ ಖರ್ಚಾಗುತ್ತದೆ: ಒಂದು ಮಿಲಿಗ್ರಾಂ ಅಮೋನಿಯಾ-ಸಾರಜನಕಕ್ಕೆ ಏಳು ಮಿಲಿಗ್ರಾಂ ಕ್ಷಾರದ ಲೆಕ್ಕ. ಇರುವುದೇ ಇಷ್ಟು, ಮೂರ್ನಾಲ್ಕು ವಾರದಲ್ಲಿ ಬರಿದಾಗುತ್ತದೆ. ಆಮೇಲೆ ಪಿಎಚ್ 6ಕ್ಕಿಂತ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾ ಮಂಕಾಗುತ್ತದೆ, ಅಮೋನಿಯಾ ಸೇರುತ್ತ ಹೋಗುತ್ತದೆ. ಹುಳಿ ನೀರಿನಲ್ಲಿ ಅದು ಅಷ್ಟು ವಿಷವಲ್ಲವಾದ್ದರಿಂದ ಮೀನು ಆರಾಮಾಗಿಯೇ ಕಾಣುತ್ತದೆ. ಆಗ ಯಾರೋ "ನೀರು ಹಳತಾಯಿತು" ಎಂದು ಅರ್ಧ ಟ್ಯಾಂಕ್ ಬದಲಿಸಿ, ಪಿಎಚ್ ಏರಲಿ ಎಂದು ಎಲೆ ಅಡಿಕೆಯ ಸುಣ್ಣವನ್ನೂ ಚಿಟಿಕೆ ಹಾಕುತ್ತಾರೆ. ಪಿಎಚ್ ಒಂದು ಅಂಕ ಏರಿದರೆ ವಿಷಕಾರಿ ಅಮೋನಿಯಾ ಸುಮಾರು ಹತ್ತು ಪಟ್ಟು. ಸಂಜೆ ನೀರು ಬದಲಿಸಿದ ಟ್ಯಾಂಕಿನ ಮೀನು ಬೆಳಿಗ್ಗೆ ತೇಲುವುದಕ್ಕೆ ಬಹಳ ಸಲ ಇದೇ ಕಾರಣ. "ಹೊಸ ನೀರು ಆಗಿ ಬರಲಿಲ್ಲ" ಎನ್ನುತ್ತಾರೆ. ಕೆಟ್ಟದ್ದು ಹಳೆಯ ನೀರು.

ಇದಕ್ಕೆ ಮದ್ದು ಘಟ್ಟದ ಕೆಳಗಿದೆ. ಅಘನಾಶಿನಿ ಕಡೆಯ ಬಳಚಿನ ಚಿಪ್ಪು ತಂದು, ಮಾಂಸದ ಚೂರು ಉಳಿಯದಂತೆ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಕಡಲೆಬೇಳೆ ಗಾತ್ರಕ್ಕೆ ಜಜ್ಜಿ. 100 ಲೀಟರಿಗೆ ಕಾಲು ಕೆ.ಜಿ.ಯಂತೆ ನೆಟ್ ಚೀಲದಲ್ಲಿ ಕಟ್ಟಿ, ಫಿಲ್ಟರಿನಲ್ಲಿ ನೀರು ಹಾದುಹೋಗುವ ಜಾಗದಲ್ಲಿಡಿ. ನೀರು ಹುಳಿಯಾದಷ್ಟೂ ಚಿಪ್ಪು ಹೆಚ್ಚು ಕರಗುತ್ತದೆ, ಸರಿಯಾದ ಮೇಲೆ ತಾನೇ ನಿಧಾನವಾಗುತ್ತದೆ. ತಿಂಗಳಿಗೊಮ್ಮೆ ಲೋಳೆ ತೊಳೆಯದಿದ್ದರೆ ಕರಗುವುದು ನಿಂತೇ ಹೋಗುತ್ತದೆ. ತುರ್ತಿಗೆ ಅಡುಗೆ ಸೋಡಾ: 50 ಲೀಟರಿಗೆ ಒಂದು ಟೀಚಮಚ, ಸುಮಾರು 6 ಗ್ರಾಂ, ಕೆಎಚ್ ಅನ್ನು 4 ಡಿಗ್ರಿ ಏರಿಸುತ್ತದೆ. ಅದನ್ನೂ ಮೂರು ದಿನಕ್ಕೆ ಹಂಚಿ ಹಾಕಬೇಕು. ಅಮೋನಿಯಾ ಕಂಡರೆ ಮೊದಲು ದಿನಕ್ಕೆ ಶೇ. 10ರಂತೆ ನೀರು ಬದಲಿಸಿ ಇಳಿಸಿ, ಆಮೇಲೆ ಸೋಡಾ.

ಘಟ್ಟದ ಮೇಲಿನವರಿಗೆ ಇನ್ನೊಂದು ಅಪಾಯ, ಅಡಿಕೆ ತೋಟದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ತೋಟದ ತಗ್ಗಿನ ಬಾವಿಯ ನೀರನ್ನು ಔಷಧಿ ಹೊಡೆದ ವಾರಗಳಲ್ಲಿ ಟ್ಯಾಂಕಿಗೆ ಹಾಕಬೇಡಿ, ಆ ತೋಟದ ಎರೆಹುಳವನ್ನೂ ತಿನ್ನಿಸಬೇಡಿ. ಅನುಮಾನವಿದ್ದರೆ ಬಕೆಟ್ ನೀರಿಗೆ ನಾಲ್ಕು ಬಸವನಹುಳ ಬಿಟ್ಟು ಎರಡು ದಿನ ನೋಡಿ. ತಾಮ್ರಕ್ಕೆ ಮೊದಲು ಸಾಯುವುದು ಅವೇ.

ಕಾರವಾರ, ಅಂಕೋಲಾ, ಕುಮಟಾದ ಲೆಕ್ಕ ಬೇರೆ. ಹೊಳೆಬಾಯಿ, ಖಾರ್‌ಲ್ಯಾಂಡ್ (ಒಡ್ಡು ಕಟ್ಟಿ ಉಪ್ಪುನೀರು ತಡೆದ ಗದ್ದೆ) ಹತ್ತಿರದ ಬಾವಿಗಳಲ್ಲಿ ಏಪ್ರಿಲ್-ಮೇ ಹೊತ್ತಿಗೆ ಉಪ್ಪು ಹತ್ತುತ್ತದೆ. ನಾಲಿಗೆಗೆ ಗೊತ್ತಾಗುವ ಮೊದಲೇ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹೇಳುತ್ತದೆ, ತಿಂಗಳಿಗೊಮ್ಮೆ ಅದ್ದಿ ನೋಡಿ. ಅಷ್ಟೇ ಮುಖ್ಯವಾದದ್ದು ಸೆಕೆ. ಮೇ ತಿಂಗಳಲ್ಲಿ ಟ್ಯಾಂಕಿನ ನೀರು 31-32 ಡಿಗ್ರಿ ಮುಟ್ಟುತ್ತದೆ. ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ತಿರುಗಿಸಿದರೆ ಒಣ ಹವೆಯ ಊರಿನಲ್ಲಿ ಮೂರು ಡಿಗ್ರಿ ಇಳಿದೀತು, ಕಾರವಾರದಲ್ಲಿ ಗಾಳಿಯೇ ಒದ್ದೆ, ಒಂದೂವರೆ ಇಳಿದರೆ ಪುಣ್ಯ.

ಹಾಗಾಗಿ ಗೋಲ್ಡ್‌ಫಿಶ್ ಅನ್ನು ನಾನು ಕರಾವಳಿಯವರಿಗೆ ಹೇಳುವುದಿಲ್ಲ. ಅದು ತಂಪು ನೀರಿನ ಮೀನು. 18ರಿಂದ 23 ಡಿಗ್ರಿಯಲ್ಲಿ ಅದರ ಲವಲವಿಕೆ ನೋಡಬೇಕು. ಶಿರಸಿಯಲ್ಲಿ ಚಳಿಗಾಲಕ್ಕೂ ಹೀಟರ್ ಬೇಡ, ಚಿಪ್ಪಿನ ಚೀಲವೊಂದು ಇದ್ದರಾಯಿತು. ಗುಂಡು ಹೊಟ್ಟೆಯ ಜಾತಿಯ ಎರಡಕ್ಕೆ 150 ಲೀಟರ್ ಬೇಕು. ಬುಟ್ಟಿಯಂಥ ಗಾಜಿನ ಬೌಲ್‌ನಲ್ಲಿ ಸಾಕುವುದನ್ನು ಸಾಕುವುದು ಎನ್ನಲಾಗದು. ತೇಲುವ ಕಾಳು ಹಾಕಿದರೆ ಗಾಳಿ ನುಂಗಿ ಅಡ್ಡ ಬೀಳುತ್ತದೆ, ಐದು ನಿಮಿಷ ನೆನೆಸಿದ ಮುಳುಗುವ ಕಾಳು ಹಾಕಿ. ಜನರ ಜೊತೆ ಬೆರೆಯುವುದರಲ್ಲಿ ಇದು ಆಸ್ಕರ್‌ಗಿಂತ ಕಡಿಮೆಯೇನಲ್ಲ, ಅಗ್ಗದ ಮೀನೆಂದು ಜನ ತಾತ್ಸಾರ ಮಾಡುತ್ತಾರೆ.

ಆಸ್ಕರ್ ದಕ್ಷಿಣ ಅಮೆರಿಕದ್ದು, 24ರಿಂದ 28 ಡಿಗ್ರಿ ಅದಕ್ಕೆ ಹಿತ. ಅಂಗಡಿಯಲ್ಲಿ ಬೆರಳುದ್ದ ಇರುವುದು ಒಂದು ವರ್ಷದಲ್ಲಿ 25 ಸೆಂ.ಮೀ. ದಾಟಬಹುದು, ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಒಂದಕ್ಕೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್, 255 ಲೀಟರ್, ಕನಿಷ್ಠ. ಗಾಜು 10 ಎಂ.ಎಂ. ಇರಲಿ. ನೀರು, ಗಾಜು, ಸ್ಟ್ಯಾಂಡ್ ಸೇರಿ 300 ಕೆ.ಜಿ. ಮೀರುವುದರಿಂದ ಹಳೆಯ ಮನೆಯ ಮರದ ಮೆತ್ತಿನ (ಮಹಡಿಯ) ಮೇಲೆ ಇದನ್ನು ಏರಿಸುವ ಯೋಚನೆ ಬೇಡ. ಆಸ್ಕರ್ ಮೆದು ನೀರಿನಲ್ಲೇ ಹುಟ್ಟಿದ ಜಾತಿ, ಶಿರಸಿಯ ನೀರು ಅದಕ್ಕೆ ಒಗ್ಗುತ್ತದೆ. ಒಗ್ಗದಿರುವುದು ಅದರ ಗಲೀಜಿಗೆ ಆ ನೀರು. ಗಂಟೆಗೆ ಟ್ಯಾಂಕಿನ ಐದಾರು ಪಟ್ಟು ನೀರು ತಿರುಗಿಸುವ ಫಿಲ್ಟರ್, ವಾರಕ್ಕೆ ಎರಡು ಸಲ ಶೇ. 20ರಷ್ಟು ಬದಲಾವಣೆ. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಮೀರಿಯೇ ಉಳಿದರೆ ತಲೆಯಲ್ಲಿ ತೂತು ಬೀಳುವ ರೋಗಕ್ಕೆ ದಾರಿ. ಡಿಸೆಂಬರಿನಲ್ಲಿ ಘಟ್ಟದ ಮೇಲೆ ಲೀಟರಿಗೆ ಒಂದು ವ್ಯಾಟ್ ಲೆಕ್ಕದ ಹೀಟರ್ ಬೇಕು, ಅದಕ್ಕೆ ಪ್ಲಾಸ್ಟಿಕ್ ಕವಚ ಕಡ್ಡಾಯ. ಗಾಜಿನ ಹೀಟರನ್ನು ಕಿತ್ತು ಬಡಿಯುವ ಚಟ ಈ ಮೀನಿಗಿದೆ.

ಫ್ಲವರ್‌ಹಾರ್ನ್ ನಿಸರ್ಗದ್ದಲ್ಲ, 1990ರ ದಶಕದಲ್ಲಿ ಮಲೇಷ್ಯಾ ಕಡೆ ತಳಿಗಾರರು ಬೆರೆಸಿ ಮಾಡಿದ್ದು. ಮೂಲ ಮಧ್ಯ ಅಮೆರಿಕದ ಗಡುಸು ನೀರಿನ ಜಾತಿಗಳಾದ್ದರಿಂದ ಅದಕ್ಕೆ ಪಿಎಚ್ 7ರ ಮೇಲಿರಬೇಕು. ಸೆಕೆಯನ್ನೂ ತಡೆಯುತ್ತದೆ, ಕಾರವಾರಕ್ಕೆ ಹೇಳಿ ಮಾಡಿಸಿದ ಹಾಗೆ. ಟ್ಯಾಂಕಿಗೆ ಒಂದೇ. ಆದರೆ ಬೆರಳಿನ ಹಿಂದೆ ಓಡಿ ಬರುವುದು ಪ್ರೀತಿಯಿಂದಲ್ಲ, ಗಡಿ ಕಾಯುವ ಸಿಟ್ಟಿನಿಂದ. ನೋಡುವವರಿಗೆ ಖುಷಿ, ಅದಕ್ಕೆ ಡ್ಯೂಟಿ. ದಿನವಿಡೀ ಮಕ್ಕಳು ಬೆರಳಾಡಿಸಿದರೆ ಊಟ ಬಿಡುತ್ತದೆ. ಎರಡೂ ಬಗೆ ಬೇಡವೆನ್ನುವವರಿಗೆ ಸೆವೆರಮ್ ಇದೆ: 20 ಸೆಂ.ಮೀ., ಸೌಮ್ಯ, ಮೆದು ನೀರು ಅದಕ್ಕೂ ಇಷ್ಟ, ಟ್ಯಾಂಕ್ ಮಾತ್ರ ಅದೇ ನಾಲ್ಕು ಅಡಿ.

ಜಾಗ ಇಲ್ಲದವರಿಗೆ ಫೈಟರ್, 20 ಲೀಟರ್, ಗಂಡು ಒಂದೇ. ಅದರ ಬಗ್ಗೆ ಹೇಳಲು ಹೆಚ್ಚಿಲ್ಲ. ಬಟಾಣಿ ಪಫರ್ ಬಗ್ಗೆ ಇದೆ. ಮೂರೂವರೆ ಸೆಂ.ಮೀ. ದಾಟದ ಈ ಮೀನು ನೀರಲ್ಲಿ ಹೆಲಿಕಾಪ್ಟರಿನಂತೆ ಒಂದೇ ಕಡೆ ನಿಂತು, ಒಂದು ಕಣ್ಣು ನಮ್ಮ ಮೇಲೆ, ಇನ್ನೊಂದು ಗಿಡದ ಬುಡದ ಬಸವನಹುಳದ ಮೇಲೆ ಇಡುತ್ತದೆ. ಊಟ ಹಿಡಿದ ಚಿಮಟ ಕಂಡಿತೋ, ಎರಡೂ ಕಣ್ಣು ಒಮ್ಮೆಲೇ ಮುಂದಕ್ಕೆ ಹೊರಳುತ್ತವೆ, ಬಾಲ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಒಂದಕ್ಕೆ 20 ಲೀಟರ್, ಮೂರಕ್ಕೆ 45, ಒತ್ತಾಗಿ ಗಿಡ. ಒಣ ಕಾಳು ಮುಟ್ಟುವುದಿಲ್ಲ, ಬಸವನಹುಳ ಸಾಕಲು ಪಕ್ಕದಲ್ಲೊಂದು ಬಕೆಟ್ ಬೇಕೇ ಬೇಕು. ಹುರುಪೆ ಇಲ್ಲದ ಮೈ, ತಾಮ್ರ ಬೆರೆತ ಔಷಧಿ ತಡೆಯುವುದಿಲ್ಲ. ಕಾಡಿನ ಹೊಳೆಯಲ್ಲಿ ಹಿಡಿದದ್ದು ಬೇಡ: ಅಳಿವಿನ ಅಂಚಿಗೆ ಹತ್ತಿರವಿರುವ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ, ಹೊಟ್ಟೆಯಲ್ಲಿ ಜಂತೂ ಇರುತ್ತದೆ.

ಅಂಗಡಿಯಲ್ಲಿ ಆರಿಸುವುದು ಹೀಗೆ. ಟ್ಯಾಂಕಿನ ಎದುರು ಬಗ್ಗಿ ಎರಡು ನಿಮಿಷ ಅಲುಗದೆ ನಿಲ್ಲಿ. ಎಲ್ಲ ಮೀನು ಹಿಂದೆ ಸರಿದಾಗ ಮೊದಲು ವಾಪಸ್ ಬಂದು ನೋಡುವುದು ಯಾವುದು ಎಂದು ಗುರುತಿಸಿ. ಆಮೇಲೆ ಅಂಗಡಿಯವರಿಂದ ಎರಡು ಕಾಳು, ಪಫರ್ ಆದರೆ ಬಸವನಹುಳ, ಹಾಕಿಸಿ; ತಿನ್ನದ ಮೀನು ಎಷ್ಟೇ ಚಂದವಿರಲಿ ಬೇಡ. ಒಳಸೇರಿದ ಹೊಟ್ಟೆ, ಮಡಚಿದ ಈಜುರೆಕ್ಕೆ, ಬಿಳಿ ದಾರದಂಥ ಹಿಕ್ಕೆ ಕಂಡರೆ ಆ ಟ್ಯಾಂಕಿನಿಂದಲೇ ತರಬೇಡಿ. ಮನೆಯಲ್ಲಿ ಫಿಲ್ಟರ್ ನಾಲ್ಕರಿಂದ ಆರು ವಾರ ಓಡಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಈ ಕೆಲಸ.

ಪಳಗಿಸಲು ಮೂರು ವಾರ. ಮೊದಲ ಮೂರ್ನಾಲ್ಕು ದಿನ ಕೈ ಹಾಕಬೇಡಿ, ಸುಮ್ಮನೆ ಎದುರು ಕುಳಿತಿರಿ. ಟ್ಯಾಂಕ್ ಜಗಲಿಯಲ್ಲಿ, ಕುಳಿತವರ ಕಣ್ಣಿನ ಎತ್ತರಕ್ಕಿದ್ದರೆ ಅರ್ಧ ಕೆಲಸ ಮುಗಿಯಿತು. ನಂತರ ದಿನವೂ ಅದೇ ಹೊತ್ತು, ಅದೇ ಮೂಲೆ. ಗಾಜು ಬಡಿಯದೆ ನೀರಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿ, ಒಂದು ಕಾಳು. ಎರಡನೇ ವಾರ ಮರದ ಚಿಮಟದಲ್ಲಿ. ಆಸ್ಕರ್ ಮೈಯನ್ನು ಒಂದು ಬದಿಗೆ ವಾಲಿಸಿ, ಚಿಮಟದ ತುದಿಯನ್ನೂ ನಮ್ಮ ಮುಖವನ್ನೂ ಒಂದೇ ಕಣ್ಣಲ್ಲಿ ಅಳೆದು, ಗಬಕ್ಕನೆ ಎಳೆದುಕೊಂಡು, ಬೇಡವಾದ ಚೂರನ್ನು ಕಿವಿರಿನಿಂದ ಉಗುಳುತ್ತದೆ. ಅಳುಕದೆ ಎಳೆದುಕೊಳ್ಳುವಂತಾದ ದಿನ ಬೆರಳಿಗೆ ಬನ್ನಿ. ಕೈಯಲ್ಲಿ ಸೋಪು, ಕೊಬ್ಬರಿ ಎಣ್ಣೆ, ಸೊಳ್ಳೆ ಕ್ರೀಮ್ ಇರಬಾರದು. ಅಡಿಕೆ ಸುಲಿದು ಬೆರಳಿಗೆ ಗಾಯವಾಗಿದ್ದರೆ ಕೈ ಅದ್ದಲೇಬೇಡಿ, ಟ್ಯಾಂಕ್ ನೀರಿನ ಬ್ಯಾಕ್ಟೀರಿಯಾದಿಂದ ತಿಂಗಳುಗಟ್ಟಲೆ ವಾಸಿಯಾಗದ ಹುಣ್ಣಾಗಬಹುದು. ವಾರಕ್ಕೊಮ್ಮೆ ಹಸಿ ಶೆಟ್ಲಿ (ಸೀಗಡಿ) ಕೊಡಬಹುದು, ತೊಳೆದು, ಸಿಪ್ಪೆ ಬಿಡಿಸಿ. ಉಪ್ಪು ಹಾಕಿ ಒಣಗಿಸಿದ್ದು ಬೇಡ.

ಮುಖದ ಗುರುತಿನ ಮಾತು ಬರೀ ಭ್ರಮೆಯಲ್ಲ. 2016ರಲ್ಲಿ ಆಕ್ಸ್‌ಫರ್ಡ್ ಮತ್ತು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಗಳ ಸಂಶೋಧಕರು, ನೀರುಗುಳಿ ಹುಳ ಬೀಳಿಸುವ ಆರ್ಚರ್ ಮೀನು ಕಲಿತ ಮುಖವೊಂದನ್ನು 44 ಅಪರಿಚಿತ ಮುಖಗಳ ನಡುವೆ ಬಹುಪಾಲು ಸರಿಯಾಗಿ ಆರಿಸುವುದನ್ನು ತೋರಿಸಿದರು. ಆದರೆ ಗಾಜಿಗೆ ಮೂತಿ ಉಜ್ಜುತ್ತ ಮೇಲೆ ಕೆಳಗೆ ಓಡುವುದನ್ನು ಸ್ವಾಗತ ಎಂದುಕೊಳ್ಳಬೇಡಿ. ನೀವು ಕೋಣೆಯಿಂದ ಹೊರಗೆ ಹೋಗಿ ಬಾಗಿಲ ಸಂದಿಯಿಂದ ನೋಡಿ. ಆಗಲೂ ಓಡುತ್ತಿದ್ದರೆ ಅದು ಇಕ್ಕಟ್ಟು, ಕೆಟ್ಟ ನೀರು, ಇಲ್ಲವೇ ತನ್ನದೇ ಪ್ರತಿಬಿಂಬದ ಕಾಟ. ಪಕ್ಕದ ಗಾಜಿಗೆ ಒಂದು ದಿನ ಪೇಪರ್ ಅಂಟಿಸಿದರೆ ಮೂರನೆಯದೋ ಅಲ್ಲವೋ ಗೊತ್ತಾಗುತ್ತದೆ.

ಜೂನ್‌ನಿಂದ ಮರ ಬಿದ್ದು ಇಡೀ ದಿನ ಕರೆಂಟು ಹೋಗುವುದು ಇದ್ದದ್ದೇ. ದೊಡ್ಡ ಫಿಲ್ಟರ್ ಜೊತೆ ಒಂದು ಸ್ಪಾಂಜ್ ಫಿಲ್ಟರ್ ಇಟ್ಟು, ಅದರ 5 ವ್ಯಾಟಿನ ಏರ್ ಪಂಪನ್ನು ಇನ್ವರ್ಟರಿಗೆ ಜೋಡಿಸಿ. ಕರೆಂಟಿಲ್ಲದ ದಿನ ಊಟವಿಲ್ಲ. ಮುಚ್ಚಿದ ಫಿಲ್ಟರ್ ಐದಾರು ಗಂಟೆ ನಿಂತಿದ್ದರೆ ಒಳಗಿನ ಕೊಳೆತ ನೀರು ಚೆಲ್ಲಿ, ಟ್ಯಾಂಕಿನ ನೀರಲ್ಲೇ ಜಾಲಾಡಿಸಿ, ಆಮೇಲೆ ಚಾಲೂ ಮಾಡಿ. ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಬೆಳೆದ ಆಸ್ಕರ್ ಉಪವಾಸವಿರಲಿ, ಏನೂ ಆಗುವುದಿಲ್ಲ. ಪಕ್ಕದ ಮನೆಯವರಿಗೆ ಹೇಳಿಹೋಗಲೇಬೇಕೆಂದರೆ ಕಾಳನ್ನು ದಿನಕ್ಕೊಂದರಂತೆ ಪೊಟ್ಟಣ ಕಟ್ಟಿಟ್ಟು, ಡಬ್ಬವನ್ನು ಕಪಾಟಿನೊಳಗೆ ಬೀಗ ಹಾಕಿ ಹೋಗಿ.