ಬೆಂಗಳೂರಿನ ಬೆಳಕನ್ನು ಬೆನ್ನಿಗೆ ಹಾಕಿ ಸ್ಟಾರ್ ಟ್ರೇಲ್: ಚಿಂತಾಮಣಿ ಕಡೆಯ ನನ್ನ ಅನುಭವ

ಬೆಂಗಳೂರಿನಿಂದ ಎಂಬತ್ತು ಕಿಲೋಮೀಟರ್ ಒಳಗೆ ಸ್ಟಾರ್ ಟ್ರೇಲ್ (ಭೂಮಿ ತಿರುಗುವಾಗ ನಕ್ಷತ್ರಗಳು ಉದ್ದನೆ ಗೆರೆಗಳಾಗಿ ಮೂಡುವ ಫೋಟೋ) ಆಗೋದೇ ಇಲ್ಲ, ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಬೇಕಿದ್ದರೆ ಲಡಾಖ್‌ಗೆ ಹೋಗು ಅಂದವರೇ ಎಲ್ಲ. ಚಿಂತಾಮಣಿ–ಶ್ರೀನಿವಾಸಪುರ ನಡುವಿನ ಒಂದು ಕೆರೆ ಏರಿಯಿಂದ ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸಿನಲ್ಲೇ ತೆಗೆದದ್ದು ಈಗ ಎರಡಡಿ ಅಗಲದ ಪ್ರಿಂಟಾಗಿದೆ, ಒಂದು ಗೆರೆಯೂ ಕಡಿದಿಲ್ಲ. ಕೆರೆ ಯಾವುದು ಅಂತ ಮಾತ್ರ ಕೇಳಬೇಡಿ.

ಹಾಗೆ ಹೇಳುವವರ ತಲೆಯಲ್ಲಿ ಇರೋದು ಗಂಟೆ ಹೊತ್ತು ಶಟರ್ ತೆರೆದಿಟ್ಟು ತೆಗೆಯುವ ಒಂದೇ ಉದ್ದನೆ ಎಕ್ಸ್‌ಪೋಷರ್. ಅದು ನಮ್ಮ ಕಡೆ ಖಂಡಿತ ಬೆಳ್ಳಗಾಗುತ್ತೆ. 30 ಸೆಕೆಂಡಿನ ಫ್ರೇಮುಗಳನ್ನು ಲೈಟನ್ ಮೋಡಿನಲ್ಲಿ (ಪ್ರತಿ ಬಿಂದುವಿಗೂ ಎಲ್ಲ ಫ್ರೇಮುಗಳ ಪೈಕಿ ಹೆಚ್ಚು ಬೆಳಕಿರೋದನ್ನೇ ಉಳಿಸುವ ವಿಧಾನ) ಸೇರಿಸಿದರೆ ಆಕಾಶದ ಬೆಳಕು ಒಂದು ಫ್ರೇಮಿನಷ್ಟೇ ಉಳಿಯುತ್ತೆ, ನಕ್ಷತ್ರ ಮಾತ್ರ ಉದ್ದವಾಗುತ್ತಾ ಹೋಗುತ್ತೆ. ಜೊತೆಗೆ ಈ ಕಡೆಯಿಂದ ಬೆಂಗಳೂರು ನೈಋತ್ಯಕ್ಕೆ. ಕ್ಯಾಮೆರಾ ಉತ್ತರಕ್ಕೆ ತಿರುಗಿಸಿದರೆ ಆ ಬೆಳಕು ಬೆನ್ನ ಹಿಂದೆ ಬೀಳುತ್ತೆ.

ನಮ್ಮ ಅಕ್ಷಾಂಶಕ್ಕೆ ಧ್ರುವ ನಕ್ಷತ್ರ ಇರೋದು ದಿಗಂತದಿಂದ ಬರೀ 13 ಡಿಗ್ರಿ ಚಿಲ್ಲರೆ ಮೇಲೆ. ಗೆರೆಗಳೆಲ್ಲ ಸುತ್ತು ಹಾಕೋದು ಇದರ ಸುತ್ತಲೇ. ಇಷ್ಟು ಕೆಳಗಿರೋದು ನಮಗೆ ಲಾಭ, ಯಾಕಂದ್ರೆ ಮರವನ್ನೋ ಬಂಡೆಯನ್ನೋ ಸುತ್ತಿನ ನಡುವಿಗೆ ತರೋದು ಸುಲಭ. ಲೆಕ್ಕ ಇಷ್ಟೇ: ವಸ್ತುವಿನ ಎತ್ತರದ ನಾಲ್ಕು ಪಟ್ಟಿಗಿಂತ ಚೂರು ಹೆಚ್ಚು ದೂರದಲ್ಲಿ, ಅದರ ನೇರ ದಕ್ಷಿಣಕ್ಕೆ ನಿಲ್ಲಬೇಕು. ನಲವತ್ತಡಿ ಹುಣಸೆ ಮರಕ್ಕೆ ನೂರೆಪ್ಪತ್ತಡಿ. ಆಗ ಧ್ರುವ ಮರದ ನೆತ್ತಿಗೆ ಕೂರುತ್ತೆ. ಹಗಲಲ್ಲೇ ಹೋಗಿ ಮೊಬೈಲ್ ಕಂಪಾಸಿನಲ್ಲಿ ದಿಕ್ಕು ನೋಡಿ ಕಲ್ಲು ಗುರುತಿಟ್ಟು ಬರೋದು ವಾಸಿ. ಕಾರಿನ ಪಕ್ಕ ನಿಂತು ಕಂಪಾಸ್ ನೋಡಿದರೆ ಮುಳ್ಳು ದಾರಿ ತಪ್ಪಿಸುತ್ತೆ. ದಿಗಂತದ ಧೂಳಿನಲ್ಲಿ ಧ್ರುವ ಮಂಕು. ಬೇಸಿಗೆಯ ಸಂಜೆ ಸಪ್ತರ್ಷಿ ಮಂಡಲ ದಾರಿ ತೋರಿಸುತ್ತೆ. ಡಿಸೆಂಬರಿನ ಸಂಜೆ ಅದು ದಿಗಂತದ ಕೆಳಗಿರುತ್ತೆ, ಎಂ ಆಕಾರದ ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜವನ್ನು ಹಿಡಿಯಬೇಕು.

ಸೆಟ್ಟಿಂಗ್: 18 ಎಂಎಂ, ಎಫ್ 3.5, ಐಎಸ್‌ಒ 800, ವೈಟ್ ಬ್ಯಾಲೆನ್ಸ್ 3800 ಕೆಲ್ವಿನ್ ಹತ್ತಿರ ಲಾಕ್, ಫೈಲ್ ರಾ (RAW). ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆಫ್. ಲೈವ್ ವ್ಯೂನಲ್ಲಿ ಪ್ರಕಾಶವಾದ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಫೋಕಸ್ ಮಾಡಿ ರಿಂಗಿಗೆ ಟೇಪ್.

ಇನ್ನು ಎಲ್ಲರೂ ಮುಗ್ಗರಿಸುವ ಜಾಗ. ಹೆಚ್ಚಿನ ಕ್ಯಾಮೆರಾಗಳಲ್ಲಿ 30 ಸೆಕೆಂಡ್ ಅಂತ ತೋರಿಸಿದರೂ ಶಟರ್ ತೆರೆದಿರೋದು ನಿಜಕ್ಕೂ 32 ಸೆಕೆಂಡ್. ಇಂಟರ್ವಲೋಮೀಟರಿಗೆ (ಇಷ್ಟಿಷ್ಟು ಸೆಕೆಂಡಿಗೊಮ್ಮೆ ತಾನೇ ಶಟರ್ ಒತ್ತುವ ಸಾಧನ) 31 ಅಂತ ಕೊಟ್ಟರೆ ಎರಡನೇ ಆದೇಶ ಬರುವಾಗ ಶಟರ್ ಇನ್ನೂ ಮುಚ್ಚಿರಲ್ಲ, ಆ ಫ್ರೇಮ್ ಹೋಯಿತು. ಒಂದು ಬಿಟ್ಟು ಒಂದು ಫ್ರೇಮ್ ಮಾತ್ರ ಸಿಕ್ಕಿ, ಗೆರೆಯೆಲ್ಲ ಬಿಡಿಸಿ ಹಾಕಿದ ಹೊಲಿಗೆ ಥರ ಕಾಣುತ್ತೆ. 33 ಕೊಡಿ. ಒಂದು ಸೆಕೆಂಡಿನ ಅಂತರ 18 ಎಂಎಂನಲ್ಲಿ ಒಂದು ಪಿಕ್ಸೆಲ್ ಕೂಡ ಆಗಲ್ಲ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೂ ಇದೇ ಗತಿ, ಪ್ರತಿ ಫ್ರೇಮಿನ ನಂತರ ಅಷ್ಟೇ ಹೊತ್ತು ಕತ್ತಲೆ ಫ್ರೇಮ್ ತೆಗೆಯುತ್ತಾ ಕೂರುತ್ತೆ. ಇಂಟರ್ವಲೋಮೀಟರ್ ಕೊಳ್ಳುವ ಎಂಟುನೂರೋ ಒಂಬೈನೂರೋ ಉಳಿಸಬೇಕಾ? ಲಾಕ್ ಇರುವ ಮುನ್ನೂರು ರೂಪಾಯಿಯ ವೈರ್ ರಿಮೋಟ್ ಹಾಕಿ, ಕಂಟಿನ್ಯುಯಸ್ ಡ್ರೈವಿಗೆ ಇಟ್ಟು, ಬಟನ್ ಲಾಕ್ ಮಾಡಿ ಬಿಡಿ.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ. ಎರಡು ಗಂಟೆಗೆ ಇನ್ನೂರು ಚಿಲ್ಲರೆ ಫ್ರೇಮ್, 30 ಡಿಗ್ರಿ ಕಮಾನು. ಅದಕ್ಕಿಂತ ಕಮ್ಮಿ ಆದರೆ ಸುತ್ತು ಅನ್ನಿಸೋದಿಲ್ಲ. ಹಳೇ ಬ್ಯಾಟರಿ ಅಷ್ಟು ಹೊತ್ತು ತಡೆಯಲ್ಲ. ನಡುವೆ ಬದಲಿಸಿದರೆ ಗೆರೆ ಕಡಿಯುತ್ತೆ, ಕ್ಯಾಮೆರಾ ಅಲುಗಿದರೆ ಎರಡು ಸುತ್ತು ಆಗುತ್ತೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಡಮ್ಮಿ ಬ್ಯಾಟರಿಗೆ ಸಾವಿರದೈನೂರರ ಆಸುಪಾಸು. ರಿಮೋಟ್ ಬಿಟ್ಟರೆ ಈ ಕೆಲಸದಲ್ಲಿ ದುಡ್ಡು ಹಾಕಲೇಬೇಕಾದದ್ದು ಇದೊಂದಕ್ಕೇ.

ಡಿಸೆಂಬರ್–ಜನವರಿಯಲ್ಲಿ ಆಕಾಶ ಶುದ್ಧ, ಆದರೆ ಮಧ್ಯರಾತ್ರಿ ದಾಟಿದರೆ ಲೆನ್ಸಿನ ಗಾಜಿಗೆ ಇಬ್ಬನಿ. ಮೊದಲು ಮಂಕಾಗೋದು ಸಣ್ಣ ನಕ್ಷತ್ರ, ಹಾಗಾಗಿ ಸ್ಕ್ರೀನಿನಲ್ಲಿ ಗೊತ್ತೇ ಆಗಲ್ಲ. ಒರೆಸಿದರೆ ನಿಮಿಷದಲ್ಲಿ ಮತ್ತೆ ಕೂರುತ್ತೆ. ಗಾಜು ಬೆಚ್ಚಗಿರಬೇಕು: ಕೈ ಬೆಚ್ಚಗಿಡುವ ಕೆಮಿಕಲ್ ಪೊಟ್ಟಣ ಎರಡನ್ನು ಕಾಲುಚೀಲದಲ್ಲಿ ಹಾಕಿ ಲೆನ್ಸಿನ ಮೂತಿಗೆ ಸುತ್ತಿ. ಕಟ್ಟುವಾಗ ಫೋಕಸ್ ರಿಂಗ್ ಜರುಗದ ಹಾಗೆ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ನಮ್ಮ ಕಡೆಯ ಇನ್ನೊಂದು ಪೀಡೆ, ರಾತ್ರಿ ತ್ರೀ ಫೇಸ್ ಕರೆಂಟ್. ಬಂದ ಕೂಡಲೇ ಬೋರ್‌ವೆಲ್ ಶೆಡ್ಡಿನ ಬಲ್ಬು ಹತ್ತಿ ಮರ ಹಳದಿಯಾಗುತ್ತೆ. ಲೈಟನ್ ಮೋಡಿನಲ್ಲಿ ಅಂಥ ಒಂದು ಫ್ರೇಮ್ ಸಾಕು ಎಲ್ಲ ಕೆಡಿಸೋಕೆ. ಆದ್ದರಿಂದ ನೆಲದ ಭಾಗಕ್ಕೆ ಬೇರೆ ಫ್ರೇಮ್ ತೆಗೆದಿಟ್ಟು, ಆಮೇಲೆ ಎಡಿಟಿಂಗಿನಲ್ಲಿ ಮಾಸ್ಕ್ ಹಾಕಿ ಆ ಭಾಗವನ್ನಷ್ಟೇ ಸೇರಿಸಿ. ಆ ಫ್ರೇಮಿಗೆ ಟಾರ್ಚನ್ನು ನೇರ ಮರಕ್ಕೆ ಹಿಡಿದರೆ ಮರ ಚಪ್ಪಟೆಯಾಗಿ ಕಾಣುತ್ತೆ. ಪಕ್ಕದಲ್ಲಿ ಬಿಳಿ ಪಂಚೆ ಹರಡಿ ಅದಕ್ಕೆ ಹೊಡೆದ ಬೆಳಕು ಮೃದು, ಐದಾರು ಸೆಕೆಂಡ್ ಸಾಕು. ಟಾರ್ಚೇ ಬೇಡ ಅನ್ನೋರು ಶುಕ್ಲಪಕ್ಷದ ಅಷ್ಟಮಿ ಸುತ್ತಮುತ್ತ ಹೋಗಿ. ಮಧ್ಯರಾತ್ರಿ ಹೊತ್ತಿಗೆ ಮುಳುಗುವ ಅರ್ಧ ಚಂದ್ರ ಅಷ್ಟರಲ್ಲಿ ಮರಕ್ಕೆ ಬೇಕಾದ ಬೆಳಕು ಕೊಟ್ಟಿರುತ್ತೆ.

ಜೋಡಿಸೋಕೆ ಸ್ಟಾರ್‌ಸ್ಟ್ಯಾಕ್ಸ್ ಅನ್ನೋ ಸಾಫ್ಟ್‌ವೇರ್, ಪುಕ್ಕಟೆ. ಗೆರೆಯನ್ನು ಧೂಮಕೇತುವಿನ ಬಾಲದ ಥರ ಒಂದು ತುದಿಗೆ ಮಂಕಾಗಿಸುವ ಅದರ ಕಾಮೆಟ್ ಮೋಡ್ ನೋಡಲು ಚೆಂದ, ಪ್ರಿಂಟಿನಲ್ಲಿ ಸುಳ್ಳು ಅನ್ನಿಸುತ್ತೆ. ದೇವನಹಳ್ಳಿ ವಿಮಾನಗಳ ಗೆರೆ ಬಂದೇ ಬರುತ್ತೆ. ಕೊನೆಯ ಚಿತ್ರದಲ್ಲಿ ಅಳಿಸಲು ಹೋಗಬೇಡಿ, ನಕ್ಷತ್ರವೂ ಅಳಿಯುತ್ತೆ. ಜೋಡಿಸುವ ಮೊದಲು ಆಯಾ ಫ್ರೇಮಿನಲ್ಲೇ ವಿಮಾನದ ಗೆರೆ ಮೇಲೆ ತೆಳ್ಳಗೆ ಕಪ್ಪು ಬಳಿಯಿರಿ. ಪ್ರಿಂಟಿಗೆ ಮ್ಯಾಟ್ ಪೇಪರ್ ಹೇಳಿ, ಮಾನಿಟರಿಗಿಂತ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಎರಡು ಪಟ್ಟು ಬೆಳಕು) ಬೆಳಗಿಸಿ ಕೊಡಿ. ಇಲ್ಲದಿದ್ದರೆ ಮರ ಕತ್ತಲೆಯಲ್ಲಿ ಮುಳುಗಿ ಹೋಗುತ್ತೆ.