ಸ್ವಯಂಸೇವೆ ಶುರು ಮಾಡುವುದು ಹೇಗೆ: ಮೊದಲು ಕೇಳಿ, ಆಮೇಲೆ ಕೈ ಹಾಕಿ

ನಾಲ್ಕು ಜನಕ್ಕೆ ಉಪಯೋಗ ಆಗುವಂಥದ್ದು ಏನಾದರೂ ಮಾಡಬೇಕು ಅಂತ ಬಹಳ ಜನಕ್ಕೆ ಅನ್ನಿಸುತ್ತದೆ. ಎಲ್ಲಿಂದ ಶುರು ಮಾಡುವುದು ಅನ್ನುವಲ್ಲಿ ಅದು ನಿಂತುಬಿಡುತ್ತದೆ. ಈ ಕೆಲಸಕ್ಕೆ ಹಣ, ಡಿಗ್ರಿ, ವಿಶೇಷ ಪ್ರತಿಭೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಬರುತ್ತೇನೆ ಅಂದ ದಿನ ಬರುವ ಅಭ್ಯಾಸ. ಅದೊಂದಿದ್ದರೆ ಉಳಿದದ್ದನ್ನು ಅಲ್ಲಿಯವರೇ ಕಲಿಸಿಕೊಡುತ್ತಾರೆ.

ಮೊದಲು ನಿಮ್ಮ ವಾರವನ್ನು ಒಮ್ಮೆ ನೋಡಿಕೊಳ್ಳಿ. ಕೆಲಸ, ಮನೆ, ಓಡಾಟ, ನಿದ್ದೆ ಎಲ್ಲ ಕಳೆದು ಎಷ್ಟು ಹೊತ್ತು ಉಳಿಯುತ್ತದೋ ಅದರ ಅರ್ಧಕ್ಕೆ ಮಾತ್ರ ಮಾತು ಕೊಡಿ. ವಾರಕ್ಕೆ ಎರಡು ಗಂಟೆ, ಅದೇ ದಿನ, ಅದೇ ಹೊತ್ತು ಅಂದರೆ ಸಾಕು. ಒಂದು ಭಾನುವಾರ ಇಡೀ ದಿನ ದುಡಿದು ಆಮೇಲೆ ಮೂರು ತಿಂಗಳು ಕಾಣೆಯಾಗುವವರನ್ನು ನಂಬಿ ಯಾರೂ ಕೆಲಸ ಹಂಚಲಾರರು, ಅಲ್ವಾ?

ಆಮೇಲೆ ಹತ್ತಿರದ ಶಾಲೆ, ಗ್ರಂಥಾಲಯ, ವೃದ್ಧಾಶ್ರಮ, ಪ್ರಾಣಿಗಳ ಆಶ್ರಯತಾಣ, ಎಲ್ಲಿಗೆ ಮನಸ್ಸಿದೆಯೋ ಅಲ್ಲಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ‘ನಿಮ್ಮಲ್ಲಿ ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ?’ ಉತ್ತರ ಹೆಚ್ಚಾಗಿ ಸಪ್ಪೆಯಾಗಿರುತ್ತದೆ. ರಿಜಿಸ್ಟರ್ ಬರೆಯುವುದು, ಪುಸ್ತಕಕ್ಕೆ ಬೈಂಡ್ ಹಾಕುವುದು, ಯಾರನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು, ಕಂಪ್ಯೂಟರಿಗೆ ಲೆಕ್ಕ ಏರಿಸುವುದು. ಅದನ್ನೇ ಒಪ್ಪಿಕೊಳ್ಳಿ. ನಿಮ್ಮ ತಲೆಯಲ್ಲಿರುವ ಹೊಸ ಯೋಜನೆಯನ್ನು ಮೊದಲ ದಿನವೇ ಹೇಳಬೇಡಿ, ಸ್ವಲ್ಪ ಕಾಲ ಅಲ್ಲಿದ್ದು ನೋಡಿದ ಮೇಲೆ ಅದರಲ್ಲಿ ಅರ್ಧ ಬೇಕಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ, ಉಳಿದ ಅರ್ಧವನ್ನು ಆಗ ಹೇಳಿದರೆ ಅವರೂ ಕಿವಿಗೊಟ್ಟು ಕೇಳುತ್ತಾರೆ.

ನನಗೆ ತುಂಬ ಮುಖ್ಯ ಅನ್ನಿಸುವ, ಆದರೆ ಬಹಳ ಜನಕ್ಕೆ ಗೊತ್ತೇ ಇಲ್ಲದ ಒಂದು ಕೆಲಸ ಇದೆ: ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್ ಆಗಿ ಕೂರುವುದು. ಅವರು ಹೇಳುತ್ತಾರೆ, ನೀವು ಬರೆಯುತ್ತೀರಿ. ಕೇಳುವುದಕ್ಕೆ ಸುಲಭ. ಆದರೆ ಪ್ರಶ್ನೆಯನ್ನು ಅಂಕದ ಸಮೇತ ಪೂರ್ತಿ ಓದಬೇಕು. ಗಣಿತದ ಸೂತ್ರ ಬಂದರೆ ಬ್ರಾಕೆಟ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತಲೂ ಬಾಯಿಬಿಟ್ಟು ಹೇಳಬೇಕು. ನಾಲ್ಕು ಆಯ್ಕೆಗಳ ಪ್ರಶ್ನೆಯಿದ್ದರೆ ನಾಲ್ಕನ್ನೂ ಒಂದೇ ದನಿಯಲ್ಲಿ ಓದಬೇಕು, ಯಾಕಂದರೆ ಸರಿಯುತ್ತರದ ಹತ್ತಿರ ನಿಮ್ಮ ದನಿ ಸ್ವಲ್ಪ ನಿಧಾನವಾದರೂ ಅದು ಸುಳಿವು ಕೊಟ್ಟ ಹಾಗೆಯೇ. ಅವರು ತಪ್ಪು ಉತ್ತರ ಹೇಳಿದರೂ ತಿದ್ದುವ ಹಾಗಿಲ್ಲ. ಅವರು ಯೋಚಿಸುತ್ತಾ ಸುಮ್ಮನಿದ್ದರೆ ನೀವೂ ಸುಮ್ಮನಿರಬೇಕು. ಸಾಧ್ಯವಾದರೆ ಪರೀಕ್ಷೆಗೆ ಮುಂಚೆ ಒಮ್ಮೆ ಭೇಟಿಯಾಗಿ ಹಳೇ ಪ್ರಶ್ನೆಪತ್ರಿಕೆ ಹಿಡಿದು ಒಂದೆರಡು ಪುಟ ಬರೆದು ನೋಡಿ, ಅವರು ಹೇಳುವ ವೇಗಕ್ಕೆ ನಿಮ್ಮ ಕೈ ಹೊಂದಿಕೊಳ್ಳುತ್ತದೆ. ಯಾರು ಸ್ಕ್ರೈಬ್ ಆಗಬಹುದು ಅನ್ನುವ ನಿಯಮ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ ಇರುತ್ತದೆ, ಅದನ್ನು ಮೊದಲೇ ವಿಚಾರಿಸಿ. ಒಪ್ಪಿಕೊಂಡ ಮೇಲೆ ಮಾತ್ರ ದಯವಿಟ್ಟು ತಪ್ಪಿಸಬೇಡಿ. ಬೆಳಿಗ್ಗೆ ಎದ್ದು ನೀವು ಆಗಲ್ಲ ಅಂದರೆ ಆ ವಿದ್ಯಾರ್ಥಿಯ ಇಡೀ ವರ್ಷದ ಓದು ಅಲ್ಲೇ ನಿಲ್ಲಬಹುದು.

ರಕ್ತದಾನದ ವಿಷಯದಲ್ಲೂ ನಿಯಮಿತವಾಗಿ ಕೊಡುವುದೇ ದೊಡ್ಡದು. ಕೆಂಪು ರಕ್ತಕಣಗಳನ್ನು ತಣ್ಣಗಿಟ್ಟು ಸುಮಾರು 42 ದಿನ ಕಾಪಾಡಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನಕ್ಕಿಂತ ಜಾಸ್ತಿ ಉಳಿಯುವುದಿಲ್ಲ. ಹಾಗಾಗಿ ಒಂದು ದುರಂತದ ಮರುದಿನ ಎಲ್ಲರೂ ಒಟ್ಟಿಗೆ ಸಾಲು ನಿಂತರೆ ಅದರಲ್ಲಿ ಒಂದಷ್ಟು ಬಳಕೆಯಾಗದೆ ಹೋಗುತ್ತದೆ, ಕೆಲವು ವಾರ ಕಳೆದ ಮೇಲೆ ಮತ್ತೆ ಕೊರತೆ. ಹುಟ್ಟುಹಬ್ಬಕ್ಕೋ ದುರಂತಕ್ಕೋ ಕಾಯದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಎರಡು ಸಲದ ನಡುವೆ ಎಷ್ಟು ಅಂತರ ಬೇಕು ಅಂತ ರಕ್ತನಿಧಿಯವರೇ ಹೇಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ನೀರು ಚೆನ್ನಾಗಿ ಕುಡಿಯಿರಿ. ಸೂಜಿ ಚುಚ್ಚಿ ರಕ್ತ ತೆಗೆಯುವುದಕ್ಕೆ ಹತ್ತು ನಿಮಿಷದಷ್ಟೇ ಸಾಕು, ಆದರೆ ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ, ತಟ್ಟನೆ ಎದ್ದು ಹೊರಡಬೇಡಿ. ಅವರು ಕೊಡುವ ಫಾರಂನಲ್ಲಿ ನಿಜವನ್ನೇ ಬರೆಯಿರಿ. ಹೇಗೂ ಟೆಸ್ಟ್ ಮಾಡುತ್ತಾರಲ್ಲ ಅಂತ ಬಿಡುವ ಹಾಗಿಲ್ಲ, ತೀರಾ ಈಚೆಗೆ ತಗುಲಿದ ಸೋಂಕು ಕೆಲವು ದಿನ ಯಾವ ಪರೀಕ್ಷೆಗೂ ಸಿಗದೆ ಇರಬಹುದು. ಆ ರಕ್ತ ಹೋಗುವುದು ಹಾಸಿಗೆ ಹಿಡಿದ ಯಾರಿಗೋ.

ವಸ್ತು ಕೊಡುವಾಗ ಒಂದು ಮಾತು. ಪ್ರವಾಹ, ಭೂಕಂಪದ ಸಮಯದಲ್ಲಿ ಹಳೆ ಬಟ್ಟೆಯ ಮೂಟೆಗಳು ರಾಶಿ ಬೀಳುತ್ತವೆ, ಅದನ್ನು ಬಿಚ್ಚಿ, ವಿಂಗಡಿಸಿ, ಇಡಲು ಜಾಗ ಹುಡುಕುವುದೇ ಅಲ್ಲಿನವರಿಗೆ ಇನ್ನೊಂದು ಕಷ್ಟ. ಅವರು ಕೇಳಿದ್ದನ್ನೇ ಕಳಿಸಿ. ಏನೂ ಕೇಳದಿದ್ದರೆ, ಲೆಕ್ಕ ತೋರಿಸುವ ಸಂಸ್ಥೆಗೆ ಹಣ ಕೊಡುವುದೇ ಒಳ್ಳೆಯದು. ಬಟ್ಟೆ ಕೊಡುವುದೇ ಆದರೆ ಒಗೆದು, ಗುಂಡಿ ಹೊಲಿದು, ಅಳತೆ ಬರೆದ ಚೀಟಿ ಹಚ್ಚಿ ಕೊಡಿ. ನೀವೇ ಹಾಕಿಕೊಳ್ಳಲು ನಾಚುವಂಥದ್ದನ್ನು ಬೇರೆಯವರಿಗೆ ಕೊಡಬೇಡಿ.

ಮಕ್ಕಳ ಜೊತೆ ಕೆಲಸ ಮಾಡುವುದಾದರೆ ಸಂಸ್ಥೆಯವರು ನಿಮ್ಮ ಹಿನ್ನೆಲೆ ವಿಚಾರಿಸಿದರೆ ಬೇಸರ ಪಟ್ಟುಕೊಳ್ಳಬೇಡಿ, ವಿಚಾರಿಸದೇ ಇದ್ದರೇ ಯೋಚನೆ ಮಾಡಬೇಕಾದದ್ದು. ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಮಕ್ಕಳ ಫೋಟೋ ತೆಗೆದು ಸೋಶಿಯಲ್ ಮೀಡಿಯಾದಲ್ಲಿ ಹಾಕಬೇಡಿ. ಸಹಾಯ ತೆಗೆದುಕೊಳ್ಳುವ ಯಾರ ಫೋಟೋವನ್ನೂ, ಅವರು ದೊಡ್ಡವರಾಗಿದ್ದರೂ, ಕೇಳದೆ ಹಾಕಬೇಡಿ. ಕೈ ಚಾಚಿದ ಹೊತ್ತಿನಲ್ಲಿ ಬೇಡ ಅನ್ನುವುದು ಅವರಿಗೆ ಎಷ್ಟು ಕಷ್ಟ ಅಂತ ಯೋಚಿಸಿ.

ಕೆಲವೊಮ್ಮೆ ಬಿಡಬೇಕಾಗುತ್ತದೆ. ಊರು ಬದಲಾಗುತ್ತದೆ, ಮನೆಯಲ್ಲಿ ಹುಷಾರಿರುವುದಿಲ್ಲ, ಅಥವಾ ಸುಮ್ನೆ ದಣಿವಾಗಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಫೋನ್ ಎತ್ತದೆ ಮಾಯವಾಗಬೇಡಿ. ಒಂದು ತಿಂಗಳು ಮೊದಲೇ ಹೇಳಿ. ಮಕ್ಕಳಿಗೆ ಪಾಠ ಹೇಳುತ್ತಿದ್ದರೆ ಯಾವ ಮಗು ಎಲ್ಲಿಯವರೆಗೆ ಕಲಿತಿದೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಬರುವವರನ್ನು ಒಂದೆರಡು ದಿನ ಜೊತೆಗೆ ಕೂರಿಸಿಕೊಂಡು ಕೆಲಸ ತೋರಿಸಿ, ನಿಮ್ಮ ಹತ್ತಿರ ಉಳಿದಿರುವ ಬೀಗದ ಕೈ, ರಿಜಿಸ್ಟರು, ಪಾಸ್‌ವರ್ಡ್ ಎಲ್ಲ ಒಪ್ಪಿಸಿ, ಮಕ್ಕಳಿಗೆ ನೀವೇ ಹೇಳಿ ಹೊರಡಿ.