ಬಾಯಾರಿಕೆಯ ಕಥೆ ಬರೆದದ್ದು ಹೀಗೆ

ಕಾಯಿಲೆ ಬಿದ್ದ ಮಗ, ಕೈಸೋತ ತಾಯಿ, ವಾಸಿ ಮಾಡ್ತೀನಿ ಅಂತ ಬರುವ ಒಂದು ಶಕ್ತಿ. ಇಷ್ಟಿಟ್ಟುಕೊಂಡು ಭಯದ ಕಥೆ ಬರೆಯಲು ಕೂತಾಗ ನಾನು ಮೊದಲು ಬರೆದದ್ದು ಆ ಶಕ್ತಿಯ ಮುಖ. ಕೆಂಡದಂಥ ಕಣ್ಣು, ಸುಟ್ಟ ವಾಸನೆ, ಗೊಗ್ಗರು ದನಿ. ಓದಿದ ಗೆಳತಿ ಹಾಳೆಗಳನ್ನು ಕೆಳಗಿಟ್ಟು ಒಂದೇ ಮಾತು ಕೇಳಿದಳು: "ಇಂಥದ್ದರ ಜೊತೆ ಆ ತಾಯಿ ಯಾಕೆ ಮಾತಿಗೆ ನಿಲ್ತಾಳೆ? ಓಡಿಹೋಗ್ಬೇಕಿತ್ತು ಅಲ್ವಾ?"

ಸರಿಯಾದ ಪ್ರಶ್ನೆ. ಓದುವವರಿಗೆ ಮೊದಲೇ ಕಾಣುವ ಗುಂಡಿಗೆ ತಾಯಿ ಬಿದ್ದರೆ ಅವಳು ದಡ್ಡಿ ಅನ್ನಿಸಿಬಿಡುತ್ತಾಳೆ. ರೋಗಿಯ ಪಕ್ಕ ಕೂತವರು ದಡ್ಡರಲ್ಲ. ದಣಿದಿರುತ್ತಾರೆ.

ನಾನೂ ಹಾಗೆ ಕೂತವನು. ಅಪ್ಪನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದಕ್ಕೂ ಸುಮಾರು 4 ಗಂಟೆ. ಸೂಜಿಗಿಂತ ಅವರನ್ನು ಜಾಸ್ತಿ ಹಿಂಸೆ ಮಾಡಿದ್ದು ಬಾಯಾರಿಕೆ. ಒಳಗೆ ಹೋದ ನೀರು ಹೊರಗೆ ಹೋಗುವುದಿಲ್ಲ, ಹಾಗಾಗಿ ದಿನಕ್ಕೆ ಇಷ್ಟೇ ಅಂತ ಅಳತೆ. ಒಂದು ಚೂರು ಐಸ್ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಅದು ಕರಗುವವರೆಗೂ ಮಾತಿಲ್ಲ. ಒಂದು ರಾತ್ರಿ ಹೊರಗಿನ ಕಾರಿಡಾರಿನಲ್ಲಿ ಕೂತು, "ನನ್ನ ಆಯಸ್ಸಲ್ಲಿ 10 ವರ್ಷ ತಗೋ, ಅವರಿಗೆ ಕೊಡು" ಅಂದುಬಿಟ್ಟೆ. ಜೋರಾಗಿಯೇ ಅಂದೆ. ಪಕ್ಕದ ಕುರ್ಚಿ ಖಾಲಿ ಇತ್ತು.

ಸಾವು ಹತ್ತಿರ ಬಂದಾಗ ಮನಸ್ಸು ಹೀಗೆ ಚೌಕಾಸಿಗೆ ಇಳಿಯುತ್ತದೆ ಅಂತ ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲೇ ಬರೆದಿದ್ದರು. ನನಗೆ ಅದು ಗೊತ್ತಾದದ್ದು ಎಷ್ಟೋ ಆಮೇಲೆ. ಎರಡನೇ ಸಲ ಕಥೆ ಬರೆಯುವಾಗ ಆ ಖಾಲಿ ಕುರ್ಚಿಯಲ್ಲಿ ಒಬ್ಬ ಹೆಂಗಸನ್ನು ಕೂರಿಸಿದೆ. ಅವಳ ಮೊದಲ ಮಾತು ಇಷ್ಟೇ: "ನಿದ್ದೆ ಮಾಡಿದ್ಯೇನಮ್ಮಾ?" ಎಲ್ಲರೂ ರೋಗಿಯನ್ನು ವಿಚಾರಿಸುತ್ತಾರೆ, ಕಾಯುತ್ತಾ ಕೂತವರನ್ನು ಯಾರೂ ಕೇಳುವುದಿಲ್ಲ. ಅಷ್ಟಕ್ಕೇ ನನ್ನ ಕಥೆಯ ತಾಯಿ ಅತ್ತುಬಿಟ್ಟಳು.

ಕರಾರಿನ ನಿಯಮಗಳು ಅಂತ ಎರಡು ಪುಟ ಬರೆದಿದ್ದೆ, ಪೂರ್ತಿ ಹೊಡೆದುಹಾಕಿದೆ. ಒಂದೇ ಸಾಲು ಉಳಿಸಿದೆ. "ಅವನ ಬಾಯಾರಿಕೆ ನೀನು ತಗೋತೀಯಾ?" ಆ ಹೆಂಗಸು ಸುಳ್ಳು ಹೇಳುವುದೇ ಇಲ್ಲ. ಕೇಳಿದ್ದನ್ನೇ ತಗೋತಾಳೆ, ಹೇಳಿದ್ದನ್ನೇ ಕೊಡುತ್ತಾಳೆ. ಡಾಕ್ಟರನ್ನೂ ಕೆಟ್ಟವರನ್ನಾಗಿ ಮಾಡಲಿಲ್ಲ. ಅವರು ಕೊನೆಯವರೆಗೂ ತಮ್ಮ ಕೆಲಸ ನೆಟ್ಟಗೆ ಮಾಡುತ್ತಾರೆ.

ನನಗೆ ದಾರಿ ತೋರಿಸಿದ್ದು ಬಾಬರನ ಕಥೆ. ಹುಮಾಯೂನ್ ಹಾಸಿಗೆ ಹಿಡಿದಾಗ ಬಾಬರ್ ಅವನ ಮಂಚದ ಸುತ್ತ ನಡೆದು, ಇವನ ಬದಲು ನನ್ನ ಜೀವ ಹೋಗಲಿ ಅಂತ ಬೇಡಿಕೊಂಡನಂತೆ. ಮಗ ಎದ್ದ. 1530ರ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡ. ಎಲ್ಲರೂ ಅಪ್ಪನ ಪ್ರೀತಿಯನ್ನು ಹೇಳುತ್ತಾರೆ. ನನ್ನನ್ನು ಕಾಡಿದ್ದು ಎದ್ದು ಕೂತ ಮಗ. ಹಾಗಾಗಿ ನನ್ನ ಕಥೆಯಲ್ಲಿ ಭಯ ಶುರುವಾಗುವುದೇ ವಾಸಿಯಾದ ಮೇಲೆ.

ಅದನ್ನು ತೋರಿಸಲು ಲ್ಯಾಬ್ ರಿಪೋರ್ಟ್ ಸಾಕಾಯಿತು. ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ ಕ್ರಿಯಾಟಿನಿನ್. ಸುಮಾರು 1 ಇರಬೇಕಾದ ಅದು ಮಗನಿಗೆ 9 ಇತ್ತು. ಡಯಾಲಿಸಿಸ್ ಇಲ್ಲದೆಯೇ 6 ಆಗುತ್ತದೆ, ಆಮೇಲೆ 2. ಮನೆಯಲ್ಲಿ ಸಂಭ್ರಮ. ತಾಯಿಯ ಮಂಚದ ಕೆಳಗೆ ಮಾತ್ರ ಖಾಲಿ ಬಾಟಲಿಗಳು ಜಾಸ್ತಿಯಾಗುತ್ತಾ ಹೋಗುತ್ತವೆ. ಎಷ್ಟು ಕುಡಿದರೂ ನಾಲಿಗೆ ಒಣಗಿಯೇ ಇರುತ್ತದೆ. ಅವಳಿಗೆ ಬೇಕಾಗಿರುವುದು ನೀರಲ್ಲ ಅನ್ನೋದನ್ನು ನಾನು ಎಲ್ಲಿಯೂ ಬರೆಯಲಿಲ್ಲ.

ಕೊನೆಯ ದೃಶ್ಯಕ್ಕೆ ಜಾಸ್ತಿ ದಿನ ಹಿಡಿಯಿತು. ಮಗ ವರ್ಷಗಳ ನಂತರ ಒಂದು ಲೋಟ ನೀರನ್ನು ಗಟಗಟ ಕುಡಿಯುತ್ತಾನೆ. ತಾಯಿ ಅವನ ಗಂಟಲನ್ನೇ ನೋಡುತ್ತಾಳೆ. ಒಂದೊಂದು ಗುಟುಕಿಗೂ ಅದು ಮೇಲೆ ಕೆಳಗೆ ಆಡುತ್ತದೆ, ಪಕ್ಕದಲ್ಲೇ ಒಂದು ನರ ಮಿಡಿಯುತ್ತದೆ. ಅವಳು ನಿಧಾನಕ್ಕೆ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

"ಹೊರಗಿನಿಂದ ಚಿಲಕ ಹಾಕು ಕಂದಾ."

"ಯಾಕಮ್ಮಾ?" ಅಂತ ಮಗ ನಗುತ್ತಾ ಬಾಗಿಲಿಗೆ ಕೈ ಇಡುತ್ತಾನೆ. ಅಲ್ಲಿಗೆ ಪೆನ್ನು ಕೆಳಗಿಟ್ಟೆ.